ಏಳನೆಯ ಬಾಟಲಿ ಕಂಡ ಮುಖ್ಯ ವಿಜ್ಞಾನಿ

ನಾನು ಒಂದು ಬಾಟಲಿ. ಎಣ್ಣೆಯದಲ್ಲ, ಶರಬತ್ತಿನದಲ್ಲ, ಸಮುದ್ರದ ಆಳದಿಂದ ನೀರು ಹಿಡಿದು ತರುವ ಬಾಟಲಿ. ನಿಮ್ಮ ಮನೆಯ ಕೊಳಾಯಿ ಪೈಪು ಯಾವುದರಿಂದ ಆಗಿದೆಯೋ ಅದೇ ಬೂದು ಪ್ಲಾಸ್ಟಿಕ್ಕು ನನ್ನ ಮೈ. ಮೇಲೊಂದು, ಕೆಳಗೊಂದು ಮುಚ್ಚಳ. ಎರಡನ್ನೂ ಒಳಗಿನಿಂದ ಎಳೆದು ಹಿಡಿಯಲು ದಪ್ಪ ರಬ್ಬರು. ಬುಡದಲ್ಲಿ ಸಣ್ಣ ನಲ್ಲಿ. ಪುಣೆಯ ಕಡೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ತೊಟ್ಟಿಯಲ್ಲಿ ಮುಳುಗಿಸಿ, ಎಲ್ಲೂ ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಪೆಟ್ಟಿಗೆಯಲ್ಲಿಟ್ಟು ಲಾರಿ ಹತ್ತಿಸಿದರು. ಕಣ್ಣು ಬಿಟ್ಟಾಗ ಮಂಗಳೂರಿನ ಬಂದರಿನಲ್ಲಿದ್ದೆ. ಎದುರಿಗೆ 'ಜಲನಂದಿನಿ' ಎಂಬ ಸಂಶೋಧನೆಯ ಹಡಗು ನಿಂತಿತ್ತು.

ಹಡಗಿನಲ್ಲಿ ನನ್ನನ್ನೂ ನನ್ನ ಒಡಹುಟ್ಟಿದವರನ್ನೂ ದುಂಡಗಿನ ಕಬ್ಬಿಣದ ಚೌಕಟ್ಟಿಗೆ ಸುತ್ತಲೂ ಕಟ್ಟಿದರು. ಮೈಮೇಲೆ ಏಳು ಎಂದು ಬರೆದರು. ನಮ್ಮ ಕೆಲಸ ಸರಳ. ಉಕ್ಕಿನ ಹಗ್ಗ ನಮ್ಮನ್ನು ಇಳಿಸುತ್ತದೆ. ಎರಡೂ ಬಾಯಿ ತೆರೆದುಕೊಂಡೇ ನಾವು ಕತ್ತಲೆಗೆ ಹೋಗುತ್ತೇವೆ. ಮೇಲಿರುವವರು ಒಂದೊಂದು ಆಳದಲ್ಲಿ ಗುಂಡಿ ಒತ್ತಿದಂತೆ ಒಬ್ಬೊಬ್ಬರೇ ಬಾಯಿ ಮುಚ್ಚಿ, ಅಲ್ಲಿಯ ನೀರು ತರುತ್ತೇವೆ.

ನನ್ನ ಮೊದಲ ಯಜಮಾನರು ಡಾಕ್ಟರ್ ಪೊನ್ನಪ್ಪ. ಮಡಿಕೇರಿಯವರು, ಮುಖ್ಯ ವಿಜ್ಞಾನಿ. ಹಡಗು ಎಲ್ಲಿ ನಿಲ್ಲಬೇಕು, ಎಷ್ಟು ಆಳಕ್ಕೆ ಏನು ಇಳಿಯಬೇಕು, ಎಲ್ಲವೂ ಅವರ ಮಾತಿನಂತೆ. ಅವರ ಕೈಕೆಳಗೆ ಕಲಿಯಲು ಬಂದವಳು ವಿನುತಾ ಹರಿಕಂತ್ರ, ಅಂಕೋಲೆಯ ಕಡೆಯ ಮೀನುಗಾರರ ಮನೆಯ ಹುಡುಗಿ. ಮೊದಲ ದಿನವೇ ನನ್ನ ನಲ್ಲಿಯಿಂದ ಗಾಜಿನ ಸೀಸೆಗೆ ನೀರು ಹಿಡಿಯುವಾಗ ಗುಳ್ಳೆ ಎಬ್ಬಿಸಿದಳು. ಆಮ್ಲಜನಕ ಅಳೆಯುವ ನೀರಿಗೆ ಗಾಳಿ ಸೋಕಬಾರದು.

"ಚೆಲ್ಲು. ಇನ್ನೊಮ್ಮೆ ಹಿಡಿ" ಎಂದರು ಪೊನ್ನಪ್ಪ.

ಅವಳು ಚೆಲ್ಲಿದಳು, ಹಿಡಿದಳು, ಮತ್ತೆ ಚೆಲ್ಲಿದಳು. ಸರಿಯಾಗುವ ತನಕ ಊಟಕ್ಕೆ ಏಳಲಿಲ್ಲ. ಆವತ್ತೇ ಅವಳು ನನಗೆ ಇಷ್ಟವಾದಳು.

ವರ್ಷಗಳು ಕಳೆದವು. ವಿನುತಾ ಡಾಕ್ಟರೇಟ್ ಪಡೆದಳು. ಅವಳ ಕೂದಲಲ್ಲಿ ಒಂದೆರಡು ಬಿಳಿ ಎಳೆ ಬಂತು. ಮಳೆಗಾಲದ ಕೊನೆಯಲ್ಲಿ ಆಮ್ಲಜನಕವೇ ಇಲ್ಲದ ಆಳದ ನೀರು ನಮ್ಮ ಕರಾವಳಿಯತ್ತ ಏರಿ ಬರುತ್ತದೆ. ಅಂಥ ಕಡೆ ಮೀನು ಉಳಿಯುವುದಿಲ್ಲ. ಅದು ಎಲ್ಲಿಂದ, ಯಾವ ದಾರಿಯಲ್ಲಿ ಏರುತ್ತದೆ ಎಂದು ಕಂಡುಹಿಡಿಯುವುದೇ ಅವಳ ಹಟವಾಯಿತು. ಅದಕ್ಕೆ ಆಳ ಸಮುದ್ರದಿಂದ ದಡದವರೆಗೆ ಒಂದೇ ಸಾಲಿನಲ್ಲಿ ಜಾಗಜಾಗಕ್ಕೆ ನಿಂತು ನೀರು ತೆಗೆಯಬೇಕಿತ್ತು.

ಆ ಪ್ರಯಾಣ ಹೊರಡುವ ಬೆಳಿಗ್ಗೆ, ನನ್ನ ಪಕ್ಕದಲ್ಲೇ ನಿಂತು ಪೊನ್ನಪ್ಪ ಹೇಳಿದರು: "ಈ ಸಲ ಮುಖ್ಯ ವಿಜ್ಞಾನಿ ನೀನು. ನಾನು ಬರೀ ಜೊತೆಗಾರ. ಕೇಳಿದರೆ ಹೇಳುತ್ತೇನೆ. ಕೇಳದೆ ಬಾಯಿ ಬಿಡುವುದಿಲ್ಲ."

ವಿನುತಾ ನಕ್ಕಳು. ಆದರೆ ನನ್ನ ಮುಚ್ಚಳದ ಮೇಲಿದ್ದ ಅವಳ ಅಂಗೈ ಬೆವೆತಿತ್ತು.

ಮೊದಲ ದಿನಗಳಲ್ಲಿ ಅವಳು ಎಲ್ಲ ಕೆಲಸಕ್ಕೂ ತಾನೇ ಓಡಿದಳು. ನಮ್ಮ ಮುಚ್ಚಳಗಳನ್ನು ತೆರೆದು ದಾರ ಕಟ್ಟುವವಳೂ ಅವಳೇ, ಸೀಸೆ ತೊಳೆಯುವವಳೂ ಅವಳೇ. ಯಾರು ಬಂದು ಏನು ಕೇಳಿದರೂ "ಆಗಲಿ, ಮಾಡುವ" ಎನ್ನುತ್ತಿದ್ದಳು. ಮೀನಿನ ಮಾದರಿಗೆ ಬಲೆ ಎಳೆಯುವವರಿಗೆ ಇನ್ನೊಂದು ಸುತ್ತು ಬೇಕಂತೆ, ಆಗಲಿ. ಧಾರವಾಡದ ಇಮ್ತಿಯಾಜ್ ಮುಲ್ಲಾ ಸಮುದ್ರತಳದ ಕೆಸರಿನಲ್ಲಿ ಹಳೆಯ ಮಳೆಗಾಲಗಳ ಗುರುತು ಹುಡುಕುವವರು. ಅವರಿಗೆ ದಕ್ಷಿಣಕ್ಕಿರುವ ಒಂದು ಗುಂಡಿಯ ಕೆಸರು ಬೇಕು. ಅದಕ್ಕೂ ಆಗಲಿ. ಹೀಗೆ ಹೊತ್ತು ಸರಿಯಿತು. ಅತ್ತಿತ್ತ ಹೋಗಿಬರುವುದರಲ್ಲಿ ನಮ್ಮ ಸಾಲಿನ ಮಧ್ಯದ ಒಂದು ಜಾಗ ಬಾಕಿ ಉಳಿದಿರುವಾಗಲೇ ಗಾಳಿ ಎದ್ದಿತು.

ಅಲೆಗಳು ಹಡಗಿನ ಅಂಚಿಗೆ ಏರತೊಡಗಿದ್ದವು. ಕ್ಯಾಪ್ಟನ್ ಲ್ಯಾನ್ಸಿ ಪಿಂಟೊ ಡೆಕ್ಕಿಗೇ ಇಳಿದು ಬಂದರು. "ಹಡಗು ನಾನು ಹಿಡಿದು ನಿಲ್ಲಿಸ್ತೇನೆ ಮಾರಾಯ್ರೆ. ಆದರೆ ಇದನ್ನು ಇಳಿಸುವುದೋ ಬೇಡವೋ, ನೀವು ಹೇಳಬೇಕು."

ವಿನುತಾ ಪೊನ್ನಪ್ಪನವರ ಮುಖ ನೋಡಿದಳು. ಅವರು ಸಮುದ್ರ ನೋಡುತ್ತಿದ್ದರು.

"ಎಲ್ಲರೂ ಕಂಬಿಯಿಂದ ಹಿಂದೆ ಸರಿಯಿರಿ" ಎಂದಳು. ಸ್ವಲ್ಪ ತಡೆದು, "ಇಳಿಸಿ" ಎಂದಳು.

ನಾವು ಇಳಿದೆವು. ಹೆಚ್ಚು ಆಳಕ್ಕೆ ಹೋಗಿರಲಿಲ್ಲ. ಹಡಗು ಬಾಗಿದಾಗ ಹಗ್ಗ ಸಡಿಲವಾಯಿತು, ಎದ್ದಾಗ ರಪ್ಪನೆ ಜಗ್ಗಿತು. ಎರಡು ಸಲ ಜಗ್ಗುತ್ತಲೇ, "ನಿಲ್ಲಿಸಿ! ಮೇಲೆ ತನ್ನಿ!" ಎಂದು ಅವಳು ಕೂಗಿದಳಂತೆ. ನೀರಿನಿಂದ ಹೊರಬಂದ ಕೂಡಲೇ ಚೌಕಟ್ಟು ತೂಗಿ ಹಡಗಿನ ಪಕ್ಕಕ್ಕೆ ಬಡಿಯಿತು. ನನ್ನ ಮೇಲಿನ ಮುಚ್ಚಳ ಸೀಳಿತು. ನನ್ನ ಪಕ್ಕದ ಎಂಟನೆಯವನು ಕಳಚಿ ನೀರಿಗೆ ಬಿದ್ದ. ಬಾಯಿ ತೆರೆದುಕೊಂಡೇ ಹೋದ. ಮತ್ತೆ ಕಾಣಲಿಲ್ಲ.

ಮನುಷ್ಯರಲ್ಲಿ ಯಾರಿಗೂ ಪೆಟ್ಟಾಗಿರಲಿಲ್ಲ.

ಸಂಜೆ ವಿನುತಾ ನನ್ನ ಮುಚ್ಚಳ ಬದಲಿಸುತ್ತ ಕೂತಿದ್ದಳು. ಪೊನ್ನಪ್ಪ ಬಂದು ಪಕ್ಕದಲ್ಲಿ ನಿಂತರು.

"ಇಳಿಸಬಾರದಿತ್ತು ಅಲ್ವಾ ಸರ್?"

"ಬಾರದಿತ್ತು."

"ನೀವ್ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ನನ್ನ ಮುಖ ನೋಡಿದೆ, ಅಷ್ಟೇ. ಜನರ ಜೀವಕ್ಕೆ ಅಪಾಯ ಇದ್ದಿದ್ದರೆ ಕೇಳದೆಯೂ ಹೇಳುತ್ತಿದ್ದೆ. ಅವರನ್ನು ನೀನೇ ಹಿಂದೆ ಸರಿಸಿದ್ದೆ." ಸೀಳಿದ ಮುಚ್ಚಳವನ್ನು ಕೈಗೆತ್ತಿಕೊಂಡು ಕೇಳಿದರು: "ಇಲ್ಲಿತನಕ ಎಷ್ಟು ಜನರಿಗೆ 'ಆಗಲಿ' ಅಂದಿದ್ದೀ?"

"ಎಲ್ಲರಿಗೂ."

"ಹಾಗಾದರೆ 'ಆಗುವುದಿಲ್ಲ' ಅನ್ನಬೇಕಾದವಳೂ ನೀನೇ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳದೆ, ನನ್ನ ರಬ್ಬರನ್ನು ಎಳೆದು ಹೊಸ ಮುಚ್ಚಳಕ್ಕೆ ಸಿಕ್ಕಿಸಿದಳು. ಆಮೇಲೆ ಸರಿಯಾಗಿಯೇ ಕೇಳಿದಳು: "ಸರ್, ಗಾಳಿ ಇಳಿದ ಮೇಲೆ ಹೊತ್ತು ಒಂದೇ ಕೆಲಸಕ್ಕೆ ಸಾಲುತ್ತದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?"

"ಈ ಹಡಗು ಯಾವ ಪ್ರಶ್ನೆಗೆ ಹೊರಟಿತು ಅಂತ ಮೊದಲು ನೋಡುತ್ತಿದ್ದೆ. ಆಮೇಲೆ ಎಲ್ಲರ ಎದುರಿಗೆ ಹೇಳುತ್ತಿದ್ದೆ. ಒಬ್ಬೊಬ್ಬರ ಕಿವಿಯಲ್ಲಿ ಅಲ್ಲ."

ಎರಡು ದಿನಕ್ಕೆ ಗಾಳಿ ಇಳಿಯಿತು. ವಿನುತಾ ಎಲ್ಲರನ್ನೂ ಡೆಕ್ಕಿಗೆ ಕರೆದಳು. ನಕ್ಷೆಯನ್ನು ನಮ್ಮ ಚೌಕಟ್ಟಿನ ಪಕ್ಕದ ಪೆಟ್ಟಿಗೆಯ ಮೇಲೆ ಹರಡಿದಳು.

"ನಮ್ಮ ಸಾಲಿನಲ್ಲಿ ಒಂದು ಜಾಗ ಬಾಕಿ. ದಕ್ಷಿಣದ ಗುಂಡಿಯೂ ಬಾಕಿ. ಎರಡನ್ನೂ ಮಾಡುವ ಅಂದಿದ್ದೆ. ಅದು ಸಾಧ್ಯ ಇಲ್ಲ. ಸಾಲನ್ನು ಮುಗಿಸುತ್ತೇವೆ. ಮುಲ್ಲಾ ಸರ್, ನಿಮ್ಮ ಕೆಸರು ಈ ಸಲ ಆಗುವುದಿಲ್ಲ."

ಮುಲ್ಲಾರ ಮುಖ ಕೆಂಪಾಯಿತು. "ಏನ್ರೀ ಮೇಡಂ ಇದು? ಮಾತು ಕೊಟ್ಟಿದ್ರಿ. ಆ ಗುಂಡೀ ಸಲುವಾಗಿ ನಾ ನಾಕು ವರ್ಷ ಹಾದಿ ಕಾದೀನಿ. ನಿಮ್ಮ ಸ್ವಂತ ಕೆಲಸ ಅಂತ ಅದನ್ನ ಉಳಿಸ್ಕೊಂಡ್ರಿ, ಹೌದಲ್ರೀ?"

ಪೊನ್ನಪ್ಪನವರತ್ತ ಅವಳು ಈ ಸಲ ತಿರುಗಲಿಲ್ಲ.

"ಅದು ನನ್ನ ಕೆಲಸವೂ ಹೌದು. ಆದರೆ ಮಧ್ಯದ ಆ ಜಾಗ ಬಿಟ್ಟರೆ, ಇಲ್ಲಿತನಕ ಎಲ್ಲರೂ ಸೇರಿ ತೆಗೆದ ನೀರಿಗೆ ಅರ್ಥವೇ ಇಲ್ಲ. ನಿಮ್ಮ ಕೆಸರು ಮುಂದಿನ ಸಲವೂ ಅಲ್ಲೇ ಇರುತ್ತದೆ. ಈ ನೀರು ಇನ್ನೊಂದು ವಾರಕ್ಕೆ ಇರುವುದಿಲ್ಲ. ಮೊದಲೇ ಹೇಳದೆ ನಿಮಗೆ ಆಸೆ ಹುಟ್ಟಿಸಿದೆ. ಅದಕ್ಕೆ ಬೈಯಿರಿ. ತೀರ್ಮಾನ ಮಾತ್ರ ಇದೇ."

ಮುಲ್ಲಾ ತಿರುಗಿ ಒಳಗೆ ಹೋದರು. ಅವರ ಬೆನ್ನು ನೋಡುತ್ತ ನಿಂತ ವಿನುತಾಳ ಮುಖ ಬಿಳಿಚಿತ್ತು. ಆದರೂ ಕ್ಯಾಪ್ಟನ್‌ಗೆ ದಿಕ್ಕು ಹೇಳಿದಾಗ ಅವಳ ದನಿ ನಡುಗಲಿಲ್ಲ.

ಆ ಜಾಗದಲ್ಲಿ ನಮ್ಮನ್ನು ಇಳಿಸಿದರು. ನನ್ನ ಸರದಿ ಬಂದಾಗ ಹೊಸ ಮುಚ್ಚಳ ಬಿಗಿಯಾಗಿ ಕೂತಿತು. ಮೇಲೆ ಬಂದ ಮೇಲೆ ಅವಳೇ ನೀರು ಹಿಡಿದು ಪರೀಕ್ಷೆಯ ರಾಸಾಯನಿಕ ಹಾಕಿದಳು. ಆಮ್ಲಜನಕ ಇದ್ದರೆ ಸೀಸೆಯೊಳಗೆ ಕಂದು ಬಣ್ಣ ಕಟ್ಟುತ್ತದೆ. ನನ್ನ ನೀರು ಹಾಲಿನಂತೆ ಬೆಳ್ಳಗೇ ಉಳಿಯಿತು. ಉಸಿರಿಲ್ಲದ ನೀರು ಇಲ್ಲಿಂದಲೇ, ಸಮುದ್ರತಳದ ಈ ಇಳಿಜಾರು ಹಿಡಿದೇ ದಡಕ್ಕೆ ಏರುತ್ತಿತ್ತು.

"ಸಿಕ್ಕಿತು" ಎಂದಳು ಮೆಲ್ಲಗೆ. ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಮುಲ್ಲಾ ಬಂದಿರಲಿಲ್ಲ.

ಮುಂದಿನ ವರ್ಷ ಪೊನ್ನಪ್ಪ ನಿವೃತ್ತರಾದರು. ಜೊತೆಗಾರರಿಲ್ಲದೆ ವಿನುತಾ ಹಡಗು ಹತ್ತಿದಳು. ಬಂದರು ಬಿಟ್ಟ ಮೇಲೆ ಹಡಗು ಮೊದಲು ನಿಂತದ್ದು ದಕ್ಷಿಣದ ಗುಂಡಿಯ ಮೇಲೆ. ಉದ್ದನೆಯ ಉಕ್ಕಿನ ಕೊಳವೆ ತಳದಿಂದ ಮೇಲೆ ಬಂದಾಗ ಬಾಯಿತನಕ ಕೆಸರು ತುಂಬಿತ್ತು. ಮುಲ್ಲಾ ಅದನ್ನು ಅಂಗಿ ಹಾಳಾಗುವುದನ್ನೂ ನೋಡದೆ ತಬ್ಬಿಕೊಂಡರು.

"ಮೇಡಂ, ಆವತ್ತು ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದಿತ್ತು ನೋಡ್ರಿ."

"ಈಗ?"

"ಈಗೂ ಸ್ವಲ್ಪ ಅದ" ಎಂದು ನಕ್ಕರು.

ಆಮೇಲೆ ಎಷ್ಟೋ ಪ್ರಯಾಣ ಮಾಡಿದೆ. ಮೈತುಂಬ ಗೀರು ಬಿತ್ತು. ಹೊಸ ಬಾಟಲಿಗಳು ಬಂದಾಗ ವಿನುತಾ ನನ್ನನ್ನು ಗುಜರಿಗೆ ಹಾಕಲು ಬಿಡದೆ ಕಾರವಾರದ ಒಂದು ಕಾಲೇಜಿಗೆ ಕೊಟ್ಟಳು. ಈಗ ಪ್ರಯೋಗಾಲಯದ ಬಾಗಿಲ ಹಿಂದೆ ನನ್ನ ವಾಸ. ಹಾಗೆಂದು ಸುಮ್ಮನೆ ಕೂತಿಲ್ಲ. ವಾರಕ್ಕೊಮ್ಮೆ ವಿದ್ಯಾರ್ಥಿಗಳು ದೋಣಿಯಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆಗೆ ಒಯ್ದು, ಕೈಹಗ್ಗದಲ್ಲಿ ಇಳಿಸುತ್ತಾರೆ.

ಒಮ್ಮೆ ವಿನುತಾ ಆ ದೋಣಿಯಲ್ಲಿ ಜೊತೆಗೆ ಬಂದಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಮುಖ್ಯ ವಿಜ್ಞಾನಿ ಅಂದ್ರೆ ಹಡಗಲ್ಲಿ ಏನ್ ಮಾಡ್ತಾರೆ?"

"ಬೆಳಿಗ್ಗೆ ಎದ್ದು ಆಕಾಶ ನೋಡ್ತಾರೆ" ಎಂದಳು. "ಆಮೇಲೆ ಯಾರದೋ ಮುಖ ಬಾಡ್ತದೆ ಅಂತ ಗೊತ್ತಿದ್ದೂ, ಹೇಳಬೇಕಾದ್ದನ್ನು ಅವರ ಮುಖ ನೋಡಿಯೇ ಹೇಳ್ತಾರೆ."

ಹುಡುಗಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ನಾನು ಮನುಷ್ಯರ ಮಾತು ಆಡಲಾರೆ. ಆಡಬಲ್ಲೆನಾದರೆ ಅದು ನಿಜ, ನಾನು ನೋಡಿದ್ದೇನೆ ಎನ್ನುತ್ತಿದ್ದೆ. ಉಬ್ಬರ ಇಳಿಯುತ್ತಿತ್ತು. ಹುಡುಗಿ ಹಗ್ಗ ಹಿಡಿದು, ದೋಣಿಯವರಿಗೆ ನಿಲ್ಲಿಸಲು ಹೇಳಿ, ನನ್ನನ್ನು ಅಳಿವೆಗೆ ಇಳಿಸಿದಳು.