ಯಾರ ಹಾಲು

"ಯಾರದ್ರೇ ಇದು? ಬಾಯ್ ಬಿಡ್ರೇ ಮುಂಡೇರಾ, ಯಾರ ಹಾಲು ಇದು?"

ಮಿಷಿನ್ನುಗಳು ಒಂದೊಂದಾಗಿ ನಿಂತವು. ಸೂಪರ್‌ವೈಸರ್ ತಿರುಮೂರ್ತಿ ಕೂಸಿನ ಬಿಳಿ ಅಂಗಿಯೊಂದನ್ನು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ, ಎರಡು ಬೆರಳಲ್ಲಿ ಎತ್ತಿಕೊಂಡು ಲೈನಿನ ಉದ್ದಕ್ಕೂ ನಡೆದ. ಅಂಗಿಯ ಎದೆಯ ಮೇಲೆ ಹಳದಿ ಬಾತುಕೋಳಿ. ಅದರ ಕೆಳಗೆ ಕಾಸಿನಗಲದ ಕಲೆ. ಇಂಥ ಅಂಗಿಗಳನ್ನೇ ನಾವು ಹೊಲಿಯುವುದು. ಎಲ್ಲಾ ಹಡಗು ಹತ್ತಿ ಬೆಳ್ಳನೆಯ ಮಕ್ಕಳ ಮೈಗೆ ಹೋಗುತ್ತವೆ.

ನಮ್ಮ ಲೈನಿನಲ್ಲಿ ಹಾಲು ಕುಡಿಯುವ ಕೂಸಿರುವುದು ಗೋಕಿಲಾ ಒಬ್ಬಳಿಗೇ. ಅದು ಅವನಿಗೂ ಚೆನ್ನಾಗಿ ಗೊತ್ತು. ಆದರೂ ಒಬ್ಬೊಬ್ಬಳ ಮುಂದೆ ನಿಂತು, ಎದೆ ನೋಡಿ, ಮುಂದಕ್ಕೆ ನಡೆದ. ನಾಯಿಗೆ ಅದೂ ಒಂದು ಸುಖ. ಕಡೆಗೆ ಗೋಕಿಲಾಳ ಹತ್ತಿರ ಬಂದ. ಅವಳು ರವಿಕೆಯೊಳಗೆ ಮಡಿಚಿಟ್ಟುಕೊಂಡಿದ್ದ ಟವೆಲ್ಲು ನೆನೆದು, ಮೇಲೆ ತೊಟ್ಟ ಕೋಟಿಗೂ ಒದ್ದೆ ಇಳಿದಿತ್ತು.

"ನೀನೇನೇ ಪುಳ್ಳೆ? ಇದೇನ್ ಹಾಲ್ ಸೊಸೈಟಿ ಅಂದ್ಕೊಂಡ್ಯಾ? ಕರೀಬೇಕಂದ್ರೆ ನಮ್ಮ ತೋಟದಾಗೆ ಎಮ್ಮೆ ಜೊತೆ ನಿಂತ್ಕೋ ಹೋಗು."

"ಬಗ್ಗಿ ಹೊಲೀವಾಗ ಸುರ್ದೋಯ್ತು ಅಣ್ಣ. ತೊಳ್ದು ಕೊಡ್ತೀನಿ."

"ನೀರ್ ಬಿದ್ರೆ ಪೀಸ್ ಹಾಳಾಯ್ತದೆ. ನಿನ್ ಹಾಲೇ ತಾನೆ? ನೆಕ್ಕು. ನೆಕ್ಕಿ ತೆಗಿ."

ಅಂಗಿಯನ್ನು ಅವಳ ಮುಖಕ್ಕೆ ಎಸೆದ. ಅವಳು ಸುತ್ತ ಒಮ್ಮೆ ನೋಡಿದಳು. ಆಮೇಲೆ ಆ ಕಲೆಯನ್ನು ಬಾಯಿಗಿಟ್ಟು ಚೀಪಿದಳು. ತಿರುಮೂರ್ತಿ ಕೈ ಕಟ್ಟಿಕೊಂಡು ನಿಂತು ಕಲೆ ಹೋಗುವವರೆಗೂ ನೋಡಿದ. ಮಿಷಿನ್ನುಗಳು ಮತ್ತೆ ಓಡಿದವು.

ಈ ತಿರುಮೂರ್ತಿ ನಮ್ಮೂರವನೇ. ಕೊಯಮತ್ತೂರಿನ ಹತ್ತಿರ, ಅನ್ನೂರಿನಿಂದ ಒಳಗೆ ಹೋದರೆ ನಮ್ಮೂರು. ಅವನದು ಮೇಲುಬೀದಿ, ನಮ್ಮದು ಊರಾಚೆಯ ಕಾಲನಿ. ಅವನಪ್ಪನ ತೋಟದಲ್ಲಿ ಕಳೆ ಕಿತ್ತೇ ನಮ್ಮ ಅವ್ವಂದಿರ ಬೆನ್ನು ಬಾಗಿದ್ದು. ಆಫೀಸಿನವರ ಹತ್ತಿರ ಅವನು ಆಡುವುದು ತಮಿಳು. ನಮ್ಮನ್ನು ಬೈಯುವುದಕ್ಕೆ ಮಾತ್ರ ಮನೆಮಾತು ಕನ್ನಡ ನಾಲಿಗೆಗೆ ಬರುತ್ತದೆ. ನಾನು ಅಮ್ಮಣಿ, ಗೋಕಿಲಾಳ ಹಿಂದಿನ ಮಿಷಿನ್ನಿನವಳು. ಅವಳ ಬೆನ್ನು ನೋಡಿಯೇ ಅವಳು ಅಳುತ್ತಿದ್ದಾಳೋ ಇಲ್ಲವೋ ಹೇಳಬಲ್ಲೆ. ಅವತ್ತು ಅಳಲಿಲ್ಲ.

ಕೂಸಿನ ಹೆಸರು ತೆನ್ಮೊಳಿ. ಹುಟ್ಟಿದಾಗ ಮೈ ಕೈ ತುಂಬಿಕೊಂಡು ಚೆನ್ನಾಗಿಯೇ ಇತ್ತು. ಗೋಕಿಲಾ ಮತ್ತೆ ಕಂಪನಿ ಬಸ್ಸು ಹತ್ತಿದ ಮೇಲೆ ಒಣಗುತ್ತಾ ಬಂತು. ಊರಿನ ನರ್ಸಮ್ಮ ಕೂಸಿನ ತೋಳು ಹಿಡಿದು ನೋಡಿ, ಹಗಲಲ್ಲೂ ಮೊಲೆ ಕೊಡದಿದ್ದರೆ ಇದು ಉಳಿಯುವುದಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋಗಿದ್ದಳು. ಬಾಲವಾಡಿಯಲ್ಲಿ ಬಾಣಂತಿಯರಿಗೆ ಸತ್ತುಮಾವಿನ ಪ್ಯಾಕೆಟ್ಟು ಕೊಡುತ್ತಾರೆ, ಗಂಜಿ ಕಾಯಿಸುವ ಹಿಟ್ಟು. ಅತ್ತೆ ಜಾನಮ್ಮ ಹೋಗಿ ಕೇಳಿದರೆ ಅಲ್ಲಿನ ಟೀಚರಮ್ಮ, "ಹಿಟ್ಟು ಕೊಡ್ಬೇಕಂದ್ರೆ ತಾಯಿ ಮುಖನೇ ಫೋನಾಗೆ ಫೋಟೋ ಹಿಡೀಬೇಕು, ನಿನ್ ಮುದಿ ಮುಖ ಯಾರ್ಗೆ ಬೇಕು ಕೆಳವಿ," ಎಂದು ಕಳಿಸಿದಳು. ಬಾಲವಾಡಿ ತೆರೆಯುವ ಮೊದಲೇ ತಾಯಿ ಬಸ್ಸು ಹತ್ತಿರುತ್ತಾಳೆ, ಇಳಿಯುವಾಗ ಅದಕ್ಕೆ ಬೀಗ. ರಜೆ ಕೇಳಿದರೆ ತಿರುಮೂರ್ತಿ, ಹಂಗಾದ್ರೆ ಪೂರ್ತಿ ರಜಾ ತಗೋ ಅನ್ನುತ್ತಾನೆ.

ಇನ್ನೊಂದು ಸಂಗತಿ ಇದೆ. ಬಿಸಿಲಲ್ಲಿ ಬೆಂದು ಬಂದವಳ ಎದೆಹಾಲು ಕಾವು ಹಿಡಿದಿರುತ್ತದೆ, ಅದನ್ನು ಕರೆದು ಚೆಲ್ಲಿಯೇ ಕೂಸಿಗೆ ಮೊಲೆ ಕೊಡಬೇಕು. ನಮ್ಮ ಕಡೆಯವರು ಹಾಗೇ ಮಾಡಿಕೊಂಡು ಬಂದದ್ದು. ನರ್ಸಮ್ಮ ಅದೆಲ್ಲ ಸುಳ್ಳು ಅಂದರೆ ಜಾನಮ್ಮ ಕೇಳುವವಳೇ? ಸೊಸೆ ಬಸ್ಸಿಳಿದ ಕೂಡಲೇ ನುಗ್ಗೆಮರದ ಬುಡಕ್ಕೆ ಕರೆದುಕೊಂಡು ಹೋಗಿ ಹಾಲು ಕರೆಸುತ್ತಿದ್ದಳು. ದಿನವೆಲ್ಲ ಕಟ್ಟಿದ ಹಾಲು ಮಣ್ಣಿಗೆ. ಉಳಿದ ನಾಲ್ಕು ತೊಟ್ಟು ಕೂಸಿಗೆ. ನುಗ್ಗೆಮರ ಮಾತ್ರ ತೊನೆದಾಡುತ್ತಿತ್ತು.

ಹಾಗಂತ ನಮ್ಮ ಕಂಪನಿಯಲ್ಲಿ ಹಾಲೂಡಿಸುವ ರೂಮು ಇಲ್ಲವೆಂದಲ್ಲ. ಇದೆ! ಬಾಗಿಲ ಮೇಲೆ ತಾಯಿ ಮಗುವಿನ ಚಿತ್ರವೂ ಇದೆ. ಒಳಗೆ ನೂಲಿನ ಕೋನುಗಳ ಮೂಟೆ, ಹೊರಗೆ ಬೀಗ. ಕೀಲಿ ಎಚ್ಆರ್ ಮೇಡಂ ಲಕ್ಷ್ಮೀಪ್ರಿಯಾ ಹತ್ತಿರ. ಆಕೆ ಕೊಯಮತ್ತೂರು ಪೇಟೆಯವಳು, ಮನೆಯಲ್ಲಿ ಕನ್ನಡವೇ. ಮಾತೆಲ್ಲ ಬೆಣ್ಣೆ.

ಗೋಕಿಲಾ ಹೋಗಿ ಕೇಳಿದಳು. ಜೊತೆಗೆ ನಾನೂ ಇದ್ದೆ.

"ಮೇಡಂ, ಮಧ್ಯಾನ ಅರ್ಧ ಗಂಟೆ ರೂಮ್ ತೆಗುದ್ರೆ ಸಾಕು. ಅತ್ತೆ ಕೂಸ್ನ ಎತ್ಕೊಂಡ್ ಬತ್ತಾರೆ. ನಾನು ಊಟಕ್ಕೂ ಏಳಾಕಿಲ್ಲ."

"ನಂಗೊತ್ತಾಗತ್ತೆ ನನ್ ಕಣ್ಣೇ. ನಾನೂ ತಾಯಿನೇ, ನಂಗೂ ಎಂಟು ತಿಂಗಳ ಮಗ ಇದಾನೆ," ಎಂದಳು ಲಕ್ಷ್ಮೀಪ್ರಿಯಾ. "ಬುಧವಾರ ಫಾರಿನ್ನಿಂದ ಆರ್ಡರ್ ಕೊಡೋರು ನೋಡಕ್ಕೆ ಬರ್ತಾರೆ. ಅವತ್ತು ನಿನ್ನನ್ನೇ ರೂಮಲ್ಲಿ ಕೂರಿಸ್ತೀನಿ, ಮಗೂನ ತರ್ಸು. ಅವರು ನೋಡಿ ಸಂತೋಷಪಟ್ರೆ ಆಮೇಲೆ ದಿನಾ ತೆಗೀಬಹುದು, ಅಲ್ವಾ?"

ದಿನಾ! ಗೋಕಿಲಾ ಆ ಒಂದು ಮಾತನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದಳು. ಬಸ್ಸಿನಲ್ಲಿ ನನ್ನ ಕೈ ಅದುಮಿ, "ಅಕ್ಕಾ, ದಿನಾ ಒಂದ್ ಕಿತ ಮೊಲೆ ಕೊಟ್ರೂ ಬದುಕ್ಕೊಂತಾಳೆ ಅಲ್ಲಾ?" ಎಂದಳು. ಬದುಕ್ತಾಳೆ ಬಿಡು ಎಂದೆ.

ಬುಧವಾರ ನೂಲಿನ ಮೂಟೆಗಳು ಹೊರಕ್ಕೆ ಬಂದವು. ಗೋಡೆಗೆ ಮೊಲದ ಚಿತ್ರ, ನೆಲಕ್ಕೆ ಚಾಪೆ, ಮೂಲೆಗೆ ತೊಟ್ಟಿಲು. ನನಗೆ ನೀಲಿ ಕೋಟು ತೊಡಿಸಿ ಆಯಾ ವೇಷ ಹಾಕಿದರು. ಯಾರಾದರೂ ಕೇಳಿದರೆ ನಾನು ವರ್ಷದಿಂದ ಇಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ ಅನ್ನಬೇಕಂತೆ. ಗೋಕಿಲಾಗೆ ಹೊಸ ಸೀರೆ ಕೊಟ್ಟರು, ಸಂಜೆ ವಾಪಸ್ಸು ಕೊಡುವ ಷರತ್ತಿನ ಮೇಲೆ.

ಜಾನಮ್ಮ ಕೂಸನ್ನು ತಂದಳು. ಲಕ್ಷ್ಮೀಪ್ರಿಯಾ ಬಟ್ಟೆ ಸರಿಸಿ ನೋಡಿ ತಟ್ಟನೆ ಕೈ ಹಿಂದಕ್ಕೆ ತೆಗೆದಳು.

"ಅಯ್ಯೋ ದೇವರೇ, ಇದೇನಿದು ಹೀಗಿದೆ? ಕಾಲು ನೋಡಿ ತಿರುಮೂರ್ತಿ! ಇದನ್ನ ತೋರಿಸಿದ್ರೆ ಕಂಪನಿ ಮಾನ ಹೋಗತ್ತೆ."

"ನಾನ್ ಅವತ್ತೇ ಹೇಳ್ದೆ ಮೇಡಂ. ಕಾಲನಿಯೋರು ಹೆರಾಕ್ ಮಾತ್ರ ಸೈ. ಏ ಕೆಳವಿ, ಎತ್ಕೊಂಡ್ ಹೋಗಿ ಗೇಟಾಗೆ ಕೂತ್ಕೋ. ಅದ್ರ ಮೂತಿ ಹೊರಗ್ ಕಾಣ್ಬಾರ್ದು."

"ಹಸ್ದೈತೆ ಸಾಮಿ, ಒಂದ್ ಚಣ..."

"ನಡೀ ಅಂದೆ!"

ಲಕ್ಷ್ಮೀಪ್ರಿಯಾ ಫೋನು ಮಾಡಿದಳು. ಸ್ವಲ್ಪ ಹೊತ್ತಿಗೆ ಕಾರಿನಲ್ಲಿ ಅವಳ ಮಗ ಬಂದ. ವಾದೀಶ. ಮಡಿಕೆ ಮಡಿಕೆ ತೊಡೆ, ಕುಂಬಳಕಾಯಿಯಂಥ ಕೆನ್ನೆ. ಅವನನ್ನು ಗೋಕಿಲಾಳ ಮಡಿಲಿಗಿಟ್ಟು, ಮೇಲೆ ಸೆರಗು ಹೊದಿಸಿ, ಕಿವಿಯ ಹತ್ತಿರ ಬಗ್ಗಿ ಹೇಳಿದಳು:

"ಸುಮ್ನೆ ಹಿಡ್ಕೊಂಡು ಕೂತ್ಕೋ. ಬಾಯಿ ಮಾತ್ರ ಹಾಕಿಸ್ಬೇಡ, ಏನು? ನಿಮ್ಮವರ ಹಾಲು ಕುಡಿದ ಅಂತ ನಮ್ಮತ್ತೆಗೆ ಗೊತ್ತಾದ್ರೆ ಮನೆ ಒಳಗೆ ಸೇರ್ಸಲ್ಲ."

ಆರ್ಡರ್ ಕೊಡುವ ಫಾರಿನ್ ದೊರೆಸಾನಿ ಬಂದಳು. ಬೆಳ್ಳಿ ಕೂದಲು, ಒಳ್ಳೆಯ ಮುಖ. ವಾದೀಶನಿಗೆ ಹಾಲಿನ ವಾಸನೆ ಬಡಿದಿತ್ತು. ಸೆರಗಿನೊಳಗೆ ಮೂತಿ ಹೊರಳಿಸಿ ಹುಡುಕತೊಡಗಿದ. ಗೋಕಿಲಾ ಅಂಗೈಯಿಂದ ಅವನ ಬಾಯನ್ನು ಆಚೆಗೆ ತಳ್ಳುತ್ತಿದ್ದಳು. ಲಕ್ಷ್ಮೀಪ್ರಿಯಾಳ ಕಣ್ಣು ಆ ಕೈ ಬಿಟ್ಟು ಕದಲಲಿಲ್ಲ. ವಾದೀಶ ಕಿರುಚಿದ. ಅದಕ್ಕೆ ಉತ್ತರ ಕೊಟ್ಟಂತೆ ಗೇಟಿನ ಕಡೆಯಿಂದ ಇನ್ನೊಂದು ಅಳು ಬಂತು. ಸಣ್ಣದು, ಹರಿದ ಬಟ್ಟೆಯ ಸದ್ದಿನಂಥದು. ಗೋಕಿಲಾಳ ಬೆನ್ನು ಸೆಟೆಯಿತು. ನಾನು ನೋಡುತ್ತಿದ್ದ ಹಾಗೆಯೇ ಹೊಸ ಸೀರೆಯ ಎದೆ ಎರಡೂ ಕಡೆ ಒದ್ದೆಯಾಯಿತು.

ದೊರೆಸಾನಿ ಅದನ್ನು ಕಂಡು ಕೈ ಜೋಡಿಸಿ ಹಿಗ್ಗಿದಳು. ಫೋನು ಹಿಡಿದಳು. "ಸ್ಮೈಲ್ ಮಾಡು ಗೋಕಿಲಾ," ಎಂದಳು ಲಕ್ಷ್ಮೀಪ್ರಿಯಾ.

"ಮೇಡಂ, ಅವ್ರಿಗ್ ಹೇಳಿ. ಇದು ನನ್ ಕೂಸಲ್ಲ. ನನ್ ಕೂಸು ಗೇಟಾಗೆ ಅಳ್ತೈತೆ. ದಿನಾ ರೂಮ್ ತೆಗೀಬೇಕು ಅಂತ ಹೇಳಿ ಮೇಡಂ, ನಿಮ್ ಕಾಲಿಗ್ ಬೀಳ್ತೀನಿ."

ಗೋಕಿಲಾ ಏನೆಂದಳು ಅಂತ ದೊರೆಸಾನಿ ಕೇಳಿದಳು. ಲಕ್ಷ್ಮೀಪ್ರಿಯಾ ನಗುನಗುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅದರಲ್ಲಿ ನನಗೆ ತಿಳಿದದ್ದು 'ಥ್ಯಾಂಕ್ಸ್' ಒಂದೇ. ದೊರೆಸಾನಿಯ ಕಣ್ಣು ತುಂಬಿ ಬಂತು. ಗೋಕಿಲಾಳ ಭುಜ ಸವರಿ ಹೋದಳು.

ದೊರೆಸಾನಿಯ ಕಾರು ಹೊರಟ ಮೇಲೆ ಲಕ್ಷ್ಮೀಪ್ರಿಯಾ ಮಗನನ್ನು ಎತ್ತಿಕೊಂಡು ಅವನ ಬಾಯಿ, ಕೆನ್ನೆ, ಬೆರಳ ಸಂದು ಎಲ್ಲವನ್ನೂ ಒದ್ದೆ ಕಾಗದದಿಂದ ತಿಕ್ಕಿ ತಿಕ್ಕಿ ಒರೆಸಿದಳು.

"ಮೇಡಂ, ನಾಳಿಂದ ರೂಮು?" ಎಂದೆ ನಾನು.

"ನೋಡೋಣ ಅಮ್ಮಣಿ. ಮುಂದಿನ ಸಲ ಅವರು ಬರೋವಾಗ."

ನೂಲಿನ ಮೂಟೆಗಳು ಒಳಕ್ಕೆ ಹೋದವು. ಬೀಗ ಬಿತ್ತು.

ಗೋಕಿಲಾ ಗೇಟಿಗೆ ಓಡಿದಳು. ನಾನೂ ನೀಲಿ ಕೋಟಿನಲ್ಲೇ ಹಿಂದೆ ಓಡಿದೆ. ತಗಡಿನ ಗೂಡಿನೊಳಗೆ ಜಾನಮ್ಮ ಬೆವರು ಸುರಿಸಿಕೊಂಡು ಕೂತಿದ್ದಳು. ತೆನ್ಮೊಳಿ ಅವಳ ತೊಡೆಯ ಮೇಲೆ ಕಣ್ಣು ಅರ್ಧ ಮುಚ್ಚಿ ಮಲಗಿತ್ತು.

"ಅತ್ತು ಅತ್ತು ಸೋತ್ ಬಿದ್ದೋಯ್ತು ಕೂಸು. ಸಕ್ರೆ ನೀರ್ ಬಿಟ್ಟೆ, ನುಂಗಾಕಿಲ್ಲ."

ಗೋಕಿಲಾ ಕೂಸನ್ನು ಎತ್ತಿಕೊಂಡು ರವಿಕೆಗೆ ಕೈ ಹಾಕಿದಳು. ಜಾನಮ್ಮ ಅವಳ ಕೈ ಹಿಡಿದಳು. "ಏ, ಬ್ಯಾಡ ಬ್ಯಾಡ! ಕಾವ್ ಹಿಡ್ದಿರೋ ಹಾಲು, ಮೊದ್ಲೇ ಜೀವ ಇಲ್ಲ ಅದ್ಕೆ. ಕರ್ದು ಚೆಲ್ಲಿ ಆಮೇಲೆ ಕುಡ್ಸು."

"ಇಲ್ ಗೇಟಾಗ್ ಕರೀತೀಯಾ, ಥೂ ಅಸಹ್ಯ!" ಬೆನ್ನ ಹಿಂದೆ ತಿರುಮೂರ್ತಿ ನಿಂತಿದ್ದ. "ಆಡಿದ್ ನಾಟ್ಕ ಸಾಕು. ಲೈನ್ ನಿಂತೈತೆ, ಒಳಗ್ ನಡಿ."

ಗೋಕಿಲಾ ಅವನನ್ನು ನೋಡಿದಳು. "ಸರಿ ಅಣ್ಣ. ಒಳಗೇ ಹೋಗ್ತೀನಿ."

ಕೂಸನ್ನು ಸೊಂಟಕ್ಕೇರಿಸಿಕೊಂಡು ಒಳಗೆ ನಡೆದಳು. ತನ್ನ ಮಿಷಿನ್ನನ್ನು ದಾಟಿದಳು. ಪ್ಯಾಕಿಂಗ್ ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಗಳ ರಾಶಿ ಇತ್ತು, ಸಂಜೆ ಲಾರಿಗೆ ಹೋಗಬೇಕಾದದ್ದು. ಅವಳು ಅದರ ಮುಂದೆ ನಿಂತು, ಒಂದೇ ಕೈಯಲ್ಲಿ ರವಿಕೆಯ ಕೊಂಡಿ ಬಿಚ್ಚಿ, ಎದೆಹಾಲು ಕರೆದಳು. ಹಾಲು ಬಾತುಕೋಳಿಗಳ ಮೇಲೆ ಚಿಮ್ಮಿತು. ಒಂದು ಕಡೆ ಆದ ಮೇಲೆ ಇನ್ನೊಂದು ಕಡೆ. ಮೇಜಿನ ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕಿತು.

"ಏ! ಏ ಬೋಸುಡಿ! ಏನ್ ಮಾಡ್ತಿದ್ದೀಯೇ?" ತಿರುಮೂರ್ತಿ ಓಡಿ ಬಂದ.

ಗೋಕಿಲಾ ರಾಶಿಯಿಂದ ಒಂದು ಅಂಗಿಯನ್ನು ಎತ್ತಿದಳು. ಅದರಿಂದ ಹಾಲು ಸೋರುತ್ತಿತ್ತು.

"ಯಾರ ಹಾಲು ಅಂತ ಕೇಳ್ದೆಯಲ್ಲಾ? ನಂದು ಕಣೋ ಬೋಳಿಮಗನೇ. ನೆಕ್ಕು."

ಅವನ ಮುಖಕ್ಕೆ ಎಸೆದಳು. ಪಟ್ಟೆಂದು ಬಡಿದು ಅಂಟಿಕೊಂಡಿತು. ಅವನು ಕೈ ಎತ್ತಿದ. ನಾನು ನೀಲಿ ಕೋಟು ಬಿಚ್ಚಿ ನೆಲಕ್ಕೆ ಬಿಸಾಕಿ ಅವಳ ಮುಂದೆ ನಿಂತೆ. ಹಿಂದೆ ಸ್ಟೂಲುಗಳು ಸರಿದ ಸದ್ದಾಯಿತು. ಲೈನಿನವರೆಲ್ಲ ಎದ್ದಿದ್ದರು. ಒಂದು ಮಿಷಿನ್ನೂ ಓಡುತ್ತಿರಲಿಲ್ಲ. ಎತ್ತಿದ ಕೈ ಎತ್ತಿದ ಹಾಗೇ ನಿಂತಿತ್ತು.

ಗೋಕಿಲಾ ನಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಒದ್ದೆ ಅಂಗಿಗಳ ಮೇಲೆ ಹತ್ತಿ ಕೂತು, ಕೂಸಿನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಮೊಲೆಯ ತೊಟ್ಟನ್ನು ಆ ಒಣಗಿದ ತುಟಿಗೆ ತಾಗಿಸಿ ತಾಗಿಸಿ ನೋಡುತ್ತಿದ್ದಳು. ಹಾಲು ಬಾಯಿಯ ಮೂಲೆಯಿಂದ ಇಳಿದು ಕಿವಿಯ ಕಡೆಗೆ ಹರಿಯಿತು.

"ಎಳಿ ನನ್ ಕಣ್ಣೇ," ಅನ್ನುತ್ತಿದ್ದಳು. "ಎಳಿ. ಕಾವೆಲ್ಲಾ ಹೋಯ್ತು, ಇನ್ನೇನಿಲ್ಲ, ಎಳಿ."