ಕೊನೆಯ ಸ್ಕ್ರೂ

ಬಡಗಿ ಶವಪೆಟ್ಟಿಗೆಯ ಮುಚ್ಚಳಕ್ಕೆ ಕೊನೆಯ ಸ್ಕ್ರೂ ಬಿಗಿದು ಕೈ ಒರೆಸಿಕೊಳ್ಳುತ್ತಿದ್ದಾಗ ಮಗಳು, "ಸ್ವಲ್ಪ ತಡೀರಿ" ಅಂದಳು. ಹೊರಲು ಬಗ್ಗಿದವರೆಲ್ಲ ಮತ್ತೆ ನೆಟ್ಟಗಾದರು.

ಹಿತ್ತಾಳೆ ಸ್ಕ್ರೂಗಳ ತಲೆಯ ಗೀರುಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಹಳೆಯ ಜರ್ಮನ್ ಬೇಟೆ ಬಂದೂಕುಗಳ ಗುಣ ನೋಡಿ ಹೇಳುವುದನ್ನೇ ಜೀವಮಾನವಿಡೀ ಕಸುಬು ಮಾಡಿಕೊಂಡಿದ್ದ ಅಪ್ಪನನ್ನು ಇಂಥ ಪೆಟ್ಟಿಗೆಯಲ್ಲಿ ಕಳಿಸಲು ಅವಳ ಮನಸ್ಸು ಒಪ್ಪಲಿಲ್ಲ.

"ಅದನ್ನ ಯಾರು ನೋಡ್ತಾರೆ?" ಅಂದ ಚಿಕ್ಕಪ್ಪ.

ಹೋದ ವಾರ ಅವಳೂ ಅದೇ ಮಾತು ಆಡಿದ್ದಳು.

*

ಅವಳು ತಿಂಗಳುಗಟ್ಟಲೆ ಕೂತು ತಿದ್ದಿದ ಜೋಡಿನಳಿಕೆ ಬಂದೂಕನ್ನು ಅಪ್ಪ ಅಂಗಡಿಯ ಕಿಟಕಿ ಪಕ್ಕ ಹಿಡಿದು ಕೂತಿದ್ದ. ಅದರ ಮೇಲೆ ಕೆತ್ತಿದ ಜಿಂಕೆಗಳ ಕಡೆ ತಿರುಗಿಯೂ ನೋಡಲಿಲ್ಲ. ಜಿಂಕೆ ಕೆತ್ತಿ ಗಿರಾಕಿಯ ಕಣ್ಣಿಗೆ ಮಣ್ಣೆರಚಬಹುದು, ಉಗುರಿಗೆ ಎರಚಲಾಗದು ಅನ್ನುವುದು ಅವನ ವಾದ. ಕಣ್ಣು ಮುಚ್ಚಿ, ಮರವೂ ಉಕ್ಕೂ ಕೂಡುವಲ್ಲಿ ಹೆಬ್ಬೆರಳಿನ ಉಗುರು ಎಳೆದ. ಎಲ್ಲೂ ತಡೆಯಲಿಲ್ಲ. ಬಂದೂಕನ್ನು ತೆರೆದು ಮುಚ್ಚಿ ಸದ್ದು ಕೇಳಿದ. ಅವನ ಬಾಯಲ್ಲಿ 'ಪರವಾಗಿಲ್ಲ' ಅಂತ ಬಂದರೆ ಅದೇ ದೊಡ್ಡ ಬಿರುದು. ಅವಳು ಅದಕ್ಕೇ ಕಾದಳು. ಅಪ್ಪ ಕಣ್ಣು ಬಿಟ್ಟು, ಒಂದು ಸ್ಕ್ರೂವಿನ ಗೀರು ನಳಿಕೆಯ ಸಾಲಿಗಿಲ್ಲ ಅಂತ ಬಂದೂಕನ್ನು ವಾಪಸು ಕೊಟ್ಟ.

ಅವಳಿಗೆ ಮೈಯೆಲ್ಲ ಉರಿಯಿತು. "ಕೂದಲೆಳೆಯಷ್ಟು! ಯಾರು ನೋಡ್ತಾರೆ?"

"ನಾನು ನೋಡ್ದೆನಲ್ಲ" ಅಂತ ಅಪ್ಪ ನಕ್ಕ.

ಸಿಟ್ಟು ಇಳಿದು ಅವಳು ಸ್ಕ್ರೂ ಸರಿಮಾಡುವಷ್ಟರಲ್ಲಿ ನೋಡಲು ಅಪ್ಪನೇ ಇರಲಿಲ್ಲ.

*

ಅವಳು ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು. ಉಳಿದ ಸ್ಕ್ರೂಗಳು ಹೇಳಿದ ಮಾತು ಕೇಳಿದವು. ಕೊನೆಯದು ಮಾತ್ರ ಅಡ್ಡಡ್ಡ ನಿಂತು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸ್ವಲ್ಪ ಸಡಿಲ ಬಿಟ್ಟರೆ ಗೀರು ಸಾಲಿಗೆ ಬರುತ್ತದೆ ಅಂದ ಬಡಗಿ. ಅದು ಮೋಸ, ಅಪ್ಪನಿಗೆ ಗೊತ್ತಾಗಿಬಿಡುತ್ತದೆ ಅಂತ ಅವಳು ಸ್ಕ್ರೂ ಬಿಚ್ಚಿ, ತಲೆಯ ಅಡಿಯನ್ನು ಬಡಗಿಯ ಅರದಿಂದ ಉಜ್ಜಿ, ಹಾಕಿ ನೋಡಿ, ಮತ್ತೆ ಬಿಚ್ಚಿದಳು. ಚಿಕ್ಕಪ್ಪ ಗಡಿಯಾರ ನೋಡಿಕೊಂಡ.

"ಕಾಯ್ಲಿ ಬಿಡಿ" ಅಂದಳು ಕುರ್ಚಿಯಲ್ಲಿದ್ದ ಅಮ್ಮ. "ಮದುವೆ ದಿನ ಯಾವುದೋ ಬಂದೂಕು ಹಿಡ್ಕೊಂಡು ಕೂತು ಇವರು ನನ್ನನ್ನ ಕಾಯಿಸ್ಲಿಲ್ವಾ?"

ಇಡೀ ಕೋಣೆ ನಕ್ಕಿತು. ಮಗಳೂ ನಕ್ಕಳು, ನಗುತ್ತಲೇ ಅವಳಿಗೆ ಅಳು ಬಂತು.

ಕೊನೆಗೂ ಸ್ಕ್ರೂ ಬಿಗಿಯಾಗಿ, ಸಾಲಿಗೆ ಸರಿಯಾಗಿ ಕೂತಿತು. ಅಮ್ಮ ಎದ್ದು ಬಂದು, ಕಣ್ಣು ಮುಚ್ಚಿ, ಮುಚ್ಚಳದ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದಳು. ಉಗುರು ಗೀರಿನಿಂದ ಗೀರಿಗೆ ನೇರ ಸಾಗಿತು.

"ಪರವಾಗಿಲ್ಲ" ಅಂದಳು.

ಹೊರುವವರು ಬಗ್ಗಿದರು. ಕಿಟಕಿಯ ಬಿಸಿಲಲ್ಲಿ ಗೀರುಗಳೆಲ್ಲ ಒಂದೇ ಸಾಲಾಗಿ ಬಾಗಿಲ ಕಡೆ ಮುಖ ಮಾಡಿದ್ದವು.