ಗಾಲಿ ತಿರುಗಿದ ಗುರುತು

ಸೇನೆಯ ಫೋಟೋ ವಿಭಾಗದಲ್ಲಿ ಅವಳನ್ನು ಎಲ್ಲರೂ ಕುಂಚದಮ್ಮ ಎನ್ನುತ್ತಿದ್ದರು. ನೆಗೆಟಿವ್ ಮೇಲೆ ಕೂದಲೆಳೆಯಂಥ ಕುಂಚದಿಂದ ಕೆಂಪು ಬಣ್ಣ ಹಚ್ಚಿ, ಚಿತ್ರದಲ್ಲಿ ಬೇಡವಾದದ್ದನ್ನು ಮರೆಮಾಡುವುದು ಅವಳ ಕೆಲಸ. ಗೀರು, ದೂಳಿನ ಚುಕ್ಕೆ, ಒಮ್ಮೊಮ್ಮೆ ದೊಡ್ಡ ಅಧಿಕಾರಿಗಳ ಜೋತುಬಿದ್ದ ಗಲ್ಲ. ಅಲ್ಲೇ ಫೋಟೋ ತೆಗೆಯುತ್ತಿದ್ದ ಮೈದುನ ತನ್ನ ಬೋಳು ತಲೆ ಸವರಿಕೊಂಡು, "ಅತ್ತಿಗೆ, ಇಲ್ಲೂ ಸ್ವಲ್ಪ ಕುಂಚ ಆಡಿಸಬಾರದಾ?" ಎಂದು ನಗಿಸುತ್ತಿದ್ದ.

ಅವನು ಸತ್ತು ಇಪ್ಪತ್ತು ದಿನವಾಗಿತ್ತು.

ಬೆಳಿಗ್ಗೆ ಅವನ ಹೆಂಡತಿ, ಇವಳ ಓರಗಿತ್ತಿ, ಮನೆಯ ಮೇಜಿನ ಮೇಲೆ ಸೇನೆಯ ಕಾಗದ ಹರಡಿದಳು. "ಸ್ವಂತ ಅಜಾಗರೂಕತೆಯಿಂದ ಸತ್ತರು ಅಂತ ಬರೆದಿದ್ದಾರೆ ಅಕ್ಕ. ನಾಳೆ ಸಹಿ ಹಾಕಿ ಕೊಡಬೇಕಂತೆ. ಸುಳ್ಳೇನಲ್ಲ ಬಿಡು. ಕ್ಯಾಮೆರಾ ಕೈಗೆ ಬಂದ್ರೆ ಮೈಮೇಲೆ ಎಚ್ಚರ ಇರ್ತಿತ್ತಾ ಅವರಿಗೆ? ಮಗಳ ಮುಖ ಆದ್ರೂ ನೆನಪಾಗಬಾರದಿತ್ತಾ?"

ಬೈಗುಳ ಸತ್ತವನಿಗೆ, ತಾಗುತ್ತಿದ್ದುದು ಇವಳಿಗೆ. ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದಿರಲಿಲ್ಲ. ಆದರೂ ಇಪ್ಪತ್ತು ದಿನದಿಂದ ಅವಳು ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದಳು.

ಎರಡು ತಿಂಗಳ ಹಿಂದೆ, ಮೈದುನ ರಜೆಯಲ್ಲಿದ್ದಾಗ, ಹೊಸ ಆಯುಧವೊಂದರ ಮೊದಲ ಪರೀಕ್ಷೆ ನಡೆದಿತ್ತು. ಎರಡಾಳೆತ್ತರದ ಗಾಲಿ, ಅಂಚಿನ ಸುತ್ತ ಬೆಂಕಿ ಕಾರುವ ರಾಕೆಟ್‌ಗಳು. ಸಾರಥಿಯಿಲ್ಲದೆ ತಾನೇ ಉರುಳಿ ಹೋಗಿ ಶತ್ರುವಿನ ಗೋಡೆ ಒಡೆಯಬೇಕು. ಅದು ನೂರು ಹೆಜ್ಜೆ ನೆಟ್ಟಗೆ ಓಡಿ, ಹುಚ್ಚು ಹಿಡಿದಂತೆ ಎಡಕ್ಕೆ ತಿರುಗಿ ಬಿದ್ದಿತ್ತು. ಹಸಿ ಮರಳಿನಲ್ಲಿ ಆ ತಿರುವಿನ ಗುರುತು ಸ್ಪಷ್ಟವಾಗಿ ಉಳಿದಿತ್ತು.

"ಈ ಸೊಟ್ಟ ಗುರುತು ಬೇಡಮ್ಮ. ಮೇಲಿನವರು ನೋಡಿದ್ರೆ ಯೋಜನೆಗೇ ಎಳ್ಳುನೀರು," ಎಂದಿದ್ದರು ವಿಭಾಗದ ಅಧಿಕಾರಿ. ಅರ್ಧ ದಿನ ಕೂತು ಅವಳು ತಿರುವನ್ನು ಅಳಿಸಿ, ನೇರ ಗುರುತನ್ನು ಚಿತ್ರದ ಅಂಚಿನವರೆಗೆ ಎಳೆದಳು. ಮರಳಿನ ಕಾಳು ಕಾಳೂ ನಿಜದಂತೆ ಬಂದಿತ್ತು. ಅವತ್ತು ಅವಳಿಗೆ ಹೆಮ್ಮೆಯಾಗಿತ್ತು.

ಎರಡನೆಯ ಪರೀಕ್ಷೆಯ ಹಿಂದಿನ ದಿನ ಮೈದುನ ಆ ಚಿತ್ರ ಹಿಡಿದು ಬಂದ. "ಎಡಗಡೆ ನಿಂತ್ರೆ ಬೆಳಕು ಚೆನ್ನಾಗಿ ಸಿಗುತ್ತೆ. ಗಾಲಿ ನೆಟ್ಟಗೇ ಹೋಗುತ್ತಲ್ವಾ ಅತ್ತಿಗೆ?"

ಅಧಿಕಾರಿ ಪಕ್ಕದ ಮೇಜಿನಲ್ಲೇ ಇದ್ದರು. "ಚಿತ್ರದಲ್ಲಿ ಕಾಣ್ತಿಲ್ವಾ?" ಎಂದಳು ಅವಳು, ತಲೆಯೆತ್ತದೆ. ಮರುದಿನ ಗಾಲಿ ಮತ್ತೆ ಎಡಕ್ಕೇ ತಿರುಗಿ ಅವನ ಮೇಲೆ ಹರಿಯಿತು.

ಇವತ್ತು ಮಧ್ಯಾಹ್ನ ವಿಭಾಗದಲ್ಲಿ ಎಲ್ಲರೂ ಊಟಕ್ಕೆ ಎದ್ದಾಗ ಅವಳು ಕಪಾಟಿನಿಂದ ಆ ನೆಗೆಟಿವ್ ತೆಗೆದಳು. ಒದ್ದೆ ಹತ್ತಿಯಿಂದ ಒರೆಸಿದಳು. ಹತ್ತಿ ಕೆಂಪಾಯಿತು. ಮುದ್ರಿಸಿದ ಕಾಗದವನ್ನು ದ್ರಾವಣದಲ್ಲಿ ಅದ್ದಿ ಅಲುಗಾಡಿಸುತ್ತಿದ್ದಂತೆ, ಕುಡುಗೋಲಿನಂತೆ ಬಾಗಿದ ಗುರುತು ನಿಧಾನವಾಗಿ ಮೇಲೆದ್ದಿತು.

ಸಂಜೆ ಎರಡೂ ಚಿತ್ರಗಳನ್ನು ಓರಗಿತ್ತಿಯ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಓರಗಿತ್ತಿಯ ಬೆರಳು ತಿರುವಿನುದ್ದಕ್ಕೂ ಹೋಗಿ ಕೊನೆಯಲ್ಲಿ ನಿಂತಿತು.

"ಇಲ್ಲೇನಾ ಅವರು ನಿಂತಿದ್ದು?"

"ಅಲ್ಲೇ."

"ಇಪ್ಪತ್ತು ದಿನ ನಾನು ಅವರನ್ನ ಬೈದೆ. ನೀನು ಕೇಳಿಸ್ಕೊಂಡು ಕೂತಿದ್ದೆ."

ಓರಗಿತ್ತಿ ಸಹಿಯಿಲ್ಲದ ಕಾಗದವನ್ನು ಮಗುಚಿ ಹಾಕಿ, ಪೆನ್ನನ್ನು ಕುಂಚದಮ್ಮನತ್ತ ತಳ್ಳಿದಳು. "ಬರಿ. ನಾಳೆ ನೀನೇ ಬಂದು ಕೊಡು."

ಅವಳು ಬರೆದಳು. ಗುರುತು ಅಳಿಸಿದವಳು ತಾನೆಂದು, ಅಳಿಸಲು ಹೇಳಿದವರು ಯಾರೆಂದು, ಯಾವ ದಿನವೆಂದು. ಬರೆದು ಪೆನ್ನು ಕೆಳಗಿಟ್ಟಳು. ಉಗುರಿನ ಸಂದಿಯಲ್ಲಿ ಕೆಂಪು ಇನ್ನೂ ಉಳಿದಿತ್ತು.

ಬೆನ್ನ ಹಿಂದೆ ನಿಂತು ಓದುತ್ತಿದ್ದ ಓರಗಿತ್ತಿ ಅಲುಗಲಿಲ್ಲ.

"ಅವರು ಬಂದು ನಿನ್ನನ್ನ ಕೇಳಿದ್ರಲ್ಲ," ಎಂದಳು. "ಅದನ್ನೂ ಬರಿ."